ಎರಡು ಕೂಗಿನ ಬೆಂಕಿ

ಮದೀನಾಬೀ ಒಳಗಿನಿಂದ ಕರೆದಳು. ಸರದಾರಸಾಬ ಓ ಅನ್ನಲಿಲ್ಲ. ಇನ್ನೊಮ್ಮೆ ಕರೆದಳು. ಅಂಗಳದ ಹಾಸುಗಲ್ಲಿನ ಮೇಲೆ ಕೂತವನು ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅದರ ತಳ ಸವೆದದ್ದನ್ನು ನೋಡುತ್ತಿದ್ದ. ಮೂರನೆಯ ಸಲ ಅವಳು ಕರೆಯಲಿಲ್ಲ. ಹೊಸ್ತಿಲಿಗೇ ಬಂದು ನಿಂತು, “ಕಾನಾಂ ಪೈಲೇಚ್ ಕೋರ್ಟಕು ಭೇಜ್ ದಿಯೇ ಕ್ಯಾ?” ಎಂದಳು, ಕಿವಿಗಳನ್ನು ಅವನು ತನಗಿಂತ ಮೊದಲೇ ಕೋರ್ಟಿಗೆ ಕಳಿಸಿಬಿಟ್ಟಿದ್ದಾನೆ ಎನ್ನುವ ಹಾಗೆ. ಅವಳ ಒಂದು ಕೈಯಲ್ಲಿ ಬಿಳಿ ಅಂಗಿ, ಇನ್ನೊಂದರಲ್ಲಿ ಖಾಕಿ. ಯಾವುದು ಎಂದು ಕೇಳಲಿಕ್ಕೆ ಕರೆದಿದ್ದಳು. ಅವನು ಖಾಕಿಯ ಕಡೆ ಕೈ ಚಾಚಿದ. ವಕೀಲರೂ ಖಾಕಿಯನ್ನೇ ಹಾಕಿಕೊಂಡು ಬರಲು ಹೇಳಿದ್ದರು. ಖಾಕಿ ಕಂಡರೆ ಇದು ಸರಕಾರಿ ಕೆಲಸದಲ್ಲಿ ಆದದ್ದು ಎಂಬುದು ಜಡ್ಜ್ ಅಮ್ಮನವರ ಕಣ್ಣಿಗೇ ಬೀಳುತ್ತದಂತೆ. ಅವನು ತೆಗೆದುಕೊಂಡದ್ದು ಅದಕ್ಕಾಗಿ ಅಲ್ಲ. ಬೆಂಕಿ ಹಚ್ಚಿದ ದಿನ ಮೈಮೇಲೆ ಇದ್ದದ್ದು ಖಾಕಿ. ಅವತ್ತು ಒಂದು ಬಟ್ಟೆ, ಇವತ್ತು ಇನ್ನೊಂದು ಬಟ್ಟೆ ತೊಟ್ಟು ಹೋಗಿ ನಿಲ್ಲುವುದು ಅವನಿಗೆ ಒಗ್ಗಲಿಲ್ಲ.

ಹೇಳಬೇಕಾದದ್ದು ಒಂದೇ ಮಾತು. ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಗೋಗಿಯ ಆಚೆ ಕರಿಗುಂಡಿನ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಗುಡ್ಡದ ಬುಡಕ್ಕೆ ದೊಡ್ಡಿ ಎಂದು ಕರೆಯುವ ಒಂದು ಪುಟ್ಟ ವಸತಿ: ಹೊಲಗಳ ನಡುವೆ ನಾಲ್ಕಾರು ಮನೆಗಳು, ಜೋಳದ ಕಣಿಕೆಯ ಬಣವೆಗಳು, ಮರಕ್ಕೆ ಕಟ್ಟಿದ ತೊಟ್ಟಿಲುಗಳು. ಬೆಂಕಿ ಅಲ್ಲಿಗೆ ಇಳಿಯಬಾರದೆಂದು ಅರಣ್ಯ ಇಲಾಖೆಯ ವಾಚರ್ ಸರದಾರಸಾಬ ಎದುರು ಬೆಂಕಿ ಹಚ್ಚಿದ. ಬರುವ ಬೆಂಕಿಗೆ ತಿನ್ನಲು ಏನೂ ಸಿಗದ ಹಾಗೆ ಅದರ ಮುಂದಿನ ಹುಲ್ಲನ್ನು ತಾನೇ ಮೊದಲು ಸುಟ್ಟ. ದೊಡ್ಡಿ ಉಳಿಯಿತು. ಆದರೆ ಎರಡು ಬೆಂಕಿಗಳ ನಡುವೆ, ಬಂಡೆಗಳ ಸಂದಿಯಲ್ಲಿ, ಆಡು ಮೇಯಿಸುತ್ತಿದ್ದ ಅಯ್ಯಣ್ಣ ಇದ್ದ. ಆಡುಗಳು ಓಡಿ ಪಾರಾದವು. ಅಯ್ಯಣ್ಣನ ಕಾಲುಗಳು ಸುಟ್ಟವು. ಒಂದು ಹೇಗೋ ಮಾಯಿತು, ಇನ್ನೊಂದರ ಚರ್ಮ ಮಂಡಿಯ ಹತ್ತಿರ ಒಣಗಿದ ತೊಗಲಿನ ಹಾಗೆ ಬಿಗಿದುಕೊಂಡು ಕಾಲು ಮಡಚದಾಯಿತು. ಅವನ ಹೆಂಡತಿ ಚಂದಮ್ಮ ಪೊಲೀಸರಿಗೆ ಫಿರ್ಯಾದಿ ಕೊಟ್ಟಳು. ಸರಕಾರ ಸರದಾರಸಾಬನ ಮೇಲೆ ಕೇಸು ಹಾಕಿತು, ಮತ್ತು ಅದೇ ಸರಕಾರ ಅವನಿಗೊಬ್ಬ ವಕೀಲರನ್ನೂ ಕೊಡಿಸಿತು. ಅವನಿಗೆ ಇದೊಂದು ಕೊನೆಯವರೆಗೂ ತಿಳಿಯಲಿಲ್ಲ.

ವಕೀಲ ಲಕ್ಷ್ಮಿಕಾಂತ ನಿನ್ನೆ ತಿಳಿಸಿ ಹೇಳಿದ್ದರು. “ಸರದಾರಸಾಬ್ರ, ಸರಕಾರಿ ನೌಕರ ಒಳ್ಳೆ ಮನಸ್ಸಿಂದ ಕೆಲಸದ ಮ್ಯಾಲ ಮಾಡಿದ್ದಕ್ಕ ಕಾಯ್ದೆ ಅಡ್ಡ ನಿಲ್ಲತದ. ಆದ್ರ ಹುಷಾರಿಲೆ ಮಾಡಿರಬೇಕು. ಹುಷಾರಿ ಅಂದ್ರೇನು? ಹಚ್ಚೂಕಿಂತ ಮೊದಲ ಕೂಗಿ ಹೇಳಿರಬೇಕು. ಕೂಗೀರಿ ಇಲ್ಲ?”

“ಕೂಗೀನ್ರಿ.”

“ಮುಗೀತು. ದೊಡ್ಡಿಯವರು ಇಬ್ರು ಕೇಳೀವಿ ಅಂತ ಸಾಕ್ಷಿ ಹೇಳ್ಯಾರ. ಅಯ್ಯಣ್ಣ ಮಾತ್ರ ತನಗ ಏನೂ ಕೇಳಿಲ್ಲ ಅಂದಾನ. ಕೆಳಗ ದೊಡ್ಡಿಗಿ ಕೇಳಿದ್ದು ಅವನಿಗಿ ಕೇಳಿಲ್ಲಂದ್ರ ಯಾರು ನಂಬತಾರ? ನಾಳೆ ಮೇಡಂ ಕೇಳತಾರ, ನೀವು ‘ಕೂಗೀನಿ’ ಅಂತ ಒಂದ ಮಾತು ಅನ್ರಿ, ಬಾಯಿ ಮುಚ್ರಿ, ಮನಿಗಿ ನಡೀರಿ. ಭಾಳ ಮಾತಾಡಿದ್ರಿ ಅಂದ್ರ ನೋಕರೀನೂ ಇಲ್ಲ, ಮನೀನೂ ಇಲ್ಲ. ಜೇಲು.”

ಕೂಗಿದ್ದು ಸುಳ್ಳಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಸುಳ್ಳು ಹೇಳು ಎಂದಿದ್ದರೆ ಅವನು ಆಗುವುದಿಲ್ಲ ಎಂದು ಎದ್ದು ಬಂದುಬಿಡುತ್ತಿದ್ದ. ಕೂಗಿದ್ದ. ಕರಿಗುಂಡೆಂಬ ದೊಡ್ಡ ಬಂಡೆಯ ಮೇಲೆ ಹತ್ತಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಅಯ್ಯಣ್ಣಾ ಎಂದು ಎರಡು ಸಲ ಕೂಗಿದ್ದ. ಕೋರ್ಟಿಗೆ ಒಂದು ಸಾಕು, ಎರಡು ಹೆಚ್ಚೇ ಆಯಿತು. ಆದರೆ ಗುಡ್ಡದ ಬುಡದಲ್ಲಿ ಹುಟ್ಟಿದವರಿಗೆ ಎರಡು ಕೂಗು ಕೂಗೇ ಅಲ್ಲ. ಗುಡ್ಡದಲ್ಲಿ ಗಾಳಿ ಇರುತ್ತದೆ, ಸತ್ತವರದ್ದು, ಬಿದ್ದವರದ್ದು. ಅದು ಗುರುತಿನವರ ದನಿ ಮಾಡಿ ಹೆಸರು ಹಿಡಿದು ಕರೆಯುತ್ತದೆ. ಓ ಅಂದರೆ ಹಿಂದೆ ಬರುತ್ತದೆ. ಒಮ್ಮೆ ಕರೆದೀತು, ಎರಡು ಸಲವೂ ಕರೆದೀತು, ಮೂರನೆಯ ಸಲಕ್ಕೆ ಅದರ ಉಸಿರು ಸಾಲದು. ಆದ್ದರಿಂದ ಮೂರನೆಯ ಕೂಗು ಬರುವವರೆಗೆ ಓ ಅನ್ನಬಾರದು, ಅಲುಗಾಡಬಾರದು, ಇದ್ದಲ್ಲಿಯೇ ಕೂತಿರಬೇಕು. ಅವನ ತಾಯಿ ಇಮಾಮಬೀ ರೊಟ್ಟಿ ಬಡಿಯುತ್ತ ಇದನ್ನು ಹೇಳುತ್ತಿದ್ದಳು: “ತೀನ್ ಬಾರ್ ಬುಲಾಯೇ ತೋಚ್ ಬೋಲ್ನಾ, ಬೇಟಾ.” ಅಯ್ಯಣ್ಣನ ತಾಯಿ ತನ್ನ ಮನೆಯಲ್ಲಿ ಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದಳು. ಇಬ್ಬರು ಹುಡುಗರೂ ಆಗ ಒಟ್ಟಿಗೆ ಆಡು ಬಿಟ್ಟುಕೊಂಡು ಹೋಗುವವರು. ಊಟಕ್ಕೆ ಕರೆದರೂ ಎರಡು ಕೂಗಿಗೆ ಏಳುತ್ತಿರಲಿಲ್ಲ. ಹಸಿವು ತಡೆದುಕೊಂಡು ಮೂರನೆಯದಕ್ಕೆ ಕಾಯುತ್ತಿದ್ದರು. ತಾಯಂದಿರೂ ಬೈಯುತ್ತಿರಲಿಲ್ಲ. ಮೂರು ಸಲ ಕರೆಯುವುದು ಅವರಿಗೂ ಉಸಿರಾಡಿದಷ್ಟೇ ಸಹಜವಾಗಿತ್ತು.

ಕಾಯ್ದೆಯಲ್ಲಿ ಇದೆಲ್ಲ ಇರಲಿಕ್ಕಿಲ್ಲ. ಅವನು ಎರಡನೆಯ ಬೂಟು ಹಾಕಿಕೊಂಡ.

ಗೋಗಿಯ ಕ್ರಾಸಿನಲ್ಲಿ ಶಹಾಪುರಕ್ಕೆ ಹೊರಟ ಟಂಟಂ ಒಂದೇ ಇತ್ತು. ಹತ್ತುವಾಗಲೇ ನೋಡಿದ, ಡ್ರೈವರ್ ಅತೀಕನ ಪಕ್ಕದಲ್ಲಿ, ಮಡಚದ ಕಾಲನ್ನು ಹೊರಗೆ ಚಾಚಿಕೊಂಡು, ಅಯ್ಯಣ್ಣ ಕೂತಿದ್ದ. ಹಿಂದೆ ಚಂದಮ್ಮ. ಇಳಿದು ಮುಂದಿನ ಗಾಡಿಗೆ ಕಾಯಬಹುದಿತ್ತು. ಇಳಿದರೆ ಅಂಜಿದ ಹಾಗಾಗುತ್ತದೆ, ಹತ್ತಿದರೆ ನಾಚಿಕೆ ಇಲ್ಲದವನ ಹಾಗಾಗುತ್ತದೆ. ಹತ್ತಿದ. ಅವಳ ಎದುರಿನ ಸೀಟೇ ಸಿಕ್ಕಿತು, ಮಂಡಿಗೆ ಮಂಡಿ ತಾಗುವ ಹಾಗೆ. ಬೆಂಕಿಗಿಂತ ಮೊದಲು ಅವಳು ಅವನನ್ನು ಸರದಾರಣ್ಣಾ ಎನ್ನುತ್ತಿದ್ದಳು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದಳು.

“ಏನ್ ಸಾಹೇಬ್ರ, ಇಲಾಖೆ ಜೀಪ್ ಬಿಟ್ಟು ನಮ್ಮ ಟಂಟಂದಾಗ ಬಂದೀರಿ? ಡೀಸಲ್ ಇಲ್ಲೇನು?”

ಅವನು ಬೂಟುಗಳನ್ನು ಸೀಟಿನ ಕೆಳಗೆ ಎಳೆದುಕೊಂಡ.

“ಖಾಕಿ ಇಸ್ತ್ರಿ ಮಾಡಿಸೀರಿ. ಚಂದ ಕಾಣಾಕತ್ತೀರಿ. ಜಡ್ಜ್ ಅಮ್ಮ ನೋಡಿ ಪ್ರಮೋಷನ್ ಕೊಡತಾಳ.”

“ಚಂದಮ್ಮಕ್ಕಾ,” ಎಂದ ಅತೀಕ, ಕನ್ನಡಿಯಲ್ಲಿ ಹಿಂದೆ ನೋಡುತ್ತ, “ಜಗಳ ಆಡಾದಿದ್ರ ಇಳದ್ ಆಡ್ರಿ. ನನ್ನ ಗಾಡಿ ಮೊದಲ ಒಂದ ಕಡಿ ವಾಲತದ.”

“ನಿನ್ನ ಗಾಡಿ ವಾಲಾದು ನಿನ್ನ ಹೊಟ್ಟಿಗಿ. ನಾ ಏನ್ ಜಗಳ ಆಡೀನೋ ಅತೀಕ? ಮಾತಾಡಾಕತ್ತೀನಿ. ಕೇಸ್ ಹಾಕಿದವರು ಹಾಕಿಸಿಕೊಂಡವರ ಕೂಡ ಮಾತಾಡಬಾರದು ಅಂತ ಕಾಯ್ದೆ ಅದ ಏನು?”

ನಡುವೆ ಕೂತಿದ್ದ ಯಾರೋ ನಕ್ಕರು. ರಸ್ತೆಯ ಎರಡೂ ಬದಿಗೆ ಕಾಲುವೆ ನೀರಿನ ಬತ್ತ ಹಸಿರಾಗಿ ನಿಂತಿತ್ತು. ಈ ಹಸಿರಿನ ನಡುವೆ ನಿಂತು ನೋಡಿದವರಿಗೆ ಗುಡ್ಡ ಅಷ್ಟು ಒಣಗಿದೆ ಎಂದರೆ ನಂಬುವುದಿಲ್ಲ. ಕೆಳಗೆ ಕಪ್ಪೆ ಕೂಗುತ್ತಿರುವಾಗ ಮೇಲೆ ಹುಲ್ಲು ಕಾಲಡಿಗೆ ಹಪ್ಪಳದ ಹಾಗೆ ಮುರಿಯುತ್ತದೆ. ಅವತ್ತೂ ಹಾಗೆಯೇ ಮುರಿಯುತ್ತಿತ್ತು. ಸೊಂಟಕ್ಕೆ ಇಲಾಖೆಯವರು ಕೊಟ್ಟ ಸೀಟಿ ಇತ್ತು. ಊದಲಿಲ್ಲ. ಯಾಕೆ ಊದಲಿಲ್ಲ ಎಂದು ಇಲಾಖೆಯ ಸಾಹೇಬರೊಬ್ಬರು ಕೇಳಿದ್ದರು, ಅವನು ಹೇಳಿದ್ದು ಅವರಿಗೆ ಸೇರಿರಲಿಲ್ಲ. ಗುಡ್ಡದಲ್ಲಿ ಆಡು ಬಿಡುವುದಕ್ಕೆ ಮನಾಯಿ ಇದೆ. ಹತ್ತಿಪ್ಪತ್ತು ವರ್ಷ ಇದೇ ಸೀಟಿ ಊದಿ ಊದಿ ಅವರನ್ನು ಓಡಿಸಿದ್ದಾನೆ. ಸೀಟಿ ಕೇಳಿದರೆ ಆಡಿನವರು ಬಂಡೆಯ ಸಂದಿಗೆ ಸೇರಿ ಉಸಿರು ಬಿಗಿಹಿಡಿದು ಕೂಡುತ್ತಾರೆ. ಬೆಂಕಿ ಬರುತ್ತಿರುವಾಗ ಸೀಟಿ ಊದುವುದೆಂದರೆ ಒಳಗೇ ಅಡಗಿಕೋ ಎಂದ ಹಾಗೆ. ಅದಕ್ಕೇ ಹೆಸರು ಹಿಡಿದು ಕೂಗಿದ್ದು. ಅಲ್ಲಿಯವರೆಗೆ ಅವನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ.

“ಒಂದ ಮಾತ ಕೇಳತೀನಿ,” ಎಂದಳು ಚಂದಮ್ಮ. ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಸಾಹೇಬ್ರ ಎಂಬುದೂ ಬಿಟ್ಟುಹೋಗಿತ್ತು. “ಪೊಲೀಸರು ಕೇಳಲಿಲ್ಲ, ವಕೀಲರು ಕೇಳಲಿಲ್ಲ. ಕೂಗಿದಿ, ಕೂಗಿದಿ ಅಂತ ಎಲ್ಲಾರೂ ಅನ್ನಾಕತ್ಯಾರ. ಎಷ್ಟು ಸಲ ಕೂಗಿದಿ?”

“ಸುಮ್ಕಿರ ನೀ,” ಎಂದ ಅಯ್ಯಣ್ಣ ಮುಂದಿನಿಂದ, ತಿರುಗದೆ.

“ಯಾಕ ಸುಮ್ಕಿರಲಿ? ಊರಾನ ಮಂದಿ ಏನಂತಾರ ಕೇಳೀ ಇಲ್ಲ? ಅಯ್ಯಣ್ಣ ಕಿವುಡ, ಅಯ್ಯಣ್ಣಗ ಆಡಿನ ಆಸೆ, ಬೆಂಕಿ ಬಂದ್ರೂ ಎದ್ದಿಲ್ಲ ಅಂತಾರ. ಆಡಿಗಿ ಇದ್ದ ಬುದ್ಧಿ ಅವನಿಗಿ ಇದ್ದಿಲ್ಲ ಅಂತಾರ. ನಾ ಕೇಳಬೇಕೋ, ಸುಮ್ಕಿರಬೇಕೋ?”

“ಸುಮ್ಕಿರ ಅಂದ್ರ ಸುಮ್ಕಿರ.”

ಸರದಾರಸಾಬನ ಬಾಯಿಗೆ ಉತ್ತರ ಬಂದಿತ್ತು. ಅಷ್ಟರಲ್ಲಿ ಗಾಡಿ ರಸ್ತೆಯ ಹಂಪು ಹಾರಿ ಎಲ್ಲರೂ ಮೇಲೆ ಎಗರಿ ಕೂತರು, ಹೆಣ್ಣುಮಗಳೊಬ್ಬಳು ಅತೀಕನ ಏಳು ತಲೆಮಾರನ್ನು ನೆನೆದಳು, ಮಾತು ಅಲ್ಲಿಗೆ ನಿಂತಿತು. ಅವನಿಗೆ ಅದರಿಂದ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಮುಖ ಬಿಸಿಯಾಯಿತು. ಅಯ್ಯಣ್ಣನ ಕುತ್ತಿಗೆಯ ಹಿಂಭಾಗ ಕಾಣುತ್ತಿತ್ತು. ಅಲ್ಲಿಯೂ ಒಂದು ಕಡೆ ಚರ್ಮ ಬೆಳ್ಳಗೆ ಮಿನುಗುತ್ತಿತ್ತು. ಇವನು ಕೋರ್ಟಿನಲ್ಲಿ ಏನೂ ಕೇಳಿಲ್ಲ ಎಂದು ಯಾಕೆ ಹೇಳಿದ? ಗುಡ್ಡದಲ್ಲಿ ಆಡಿನ ಗಂಟೆಯ ಸದ್ದಿನಿಂದ ಅದು ಯಾರದೆಂದು ಹೇಳುವ ಕಿವಿ ಅದು. ಕೇಳಿದೆ. ಕೇಳಿಯೂ ಕೂತಿದ್ದಾನೆ. ಗಾಳಿಗೆ ಅಂಜಿ ಕೂತಿದ್ದೆ ಎಂದು ಕರಿಕೋಟಿನವರ ಮುಂದೆ ಹೇಳಲು ನಾಚಿಕೆಯಾಗಿ, ಕೇಳಲೇ ಇಲ್ಲ ಎಂದಿದ್ದಾನೆ. ಆ ಸುಳ್ಳೇ ಈಗ ಅವನನ್ನು ಮುಳುಗಿಸುತ್ತದೆ. ಕೂಗಿದ್ದು ನಿಜ ಎಂದಾದರೆ, ಅಯ್ಯಣ್ಣ ಕೇಳಿಯೂ ಏಳದ ಹಟಮಾರಿ ಎಂದಾಗುತ್ತದೆ. ತನ್ನ ಕಾಲು ತಾನೇ ಸುಟ್ಟುಕೊಂಡವನು. ಅಲ್ಲಿಗೆ ಅವನಿಗೆ ಸರಕಾರದಿಂದ ಸಿಗಬೇಕಾದ ಪರಿಹಾರವೂ ಇಲ್ಲ, ಊರಲ್ಲಿ ಮುಖ ಎತ್ತುವ ಹಾಗೂ ಇಲ್ಲ.

ಸರದಾರಸಾಬ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅಷ್ಟೂ ತಾನಾಗಿಯೇ ಆಗುತ್ತದೆ.

ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಉದ್ದ ಸಿಮೆಂಟಿನ ಬೆಂಚು. ಲಕ್ಷ್ಮಿಕಾಂತ ಬಂದು, ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮದುಮಗನನ್ನು ನೋಡುವ ಹಾಗೆ ಅವನನ್ನು ನೋಡಿ, “ನೆನಪದ ಇಲ್ರಿ? ಒಂದ ಮಾತು,” ಎಂದು ಒಳಗೆ ಹೋದರು. ಬೆಂಚಿನ ಆ ತುದಿಗೆ ಅಯ್ಯಣ್ಣ ಕೂತ, ಕಾಲು ಚಾಚಲು ಬೇರೆ ಕಡೆ ಜಾಗವಿರಲಿಲ್ಲ. ಈ ತುದಿಗೆ ಸರದಾರಸಾಬ. ಚಂದಮ್ಮ ನೀರು ತರಲು ಹೋದಳು. ಮರದ ನೆರಳು ಸರಿದು ಬೆಂಚು ಬಿಸಿಲಿಗೆ ಕಾದಿತ್ತು. ಕೂತವನ ಮೈಗೆ ಆ ಕಾವು ಕೆಳಗಿನಿಂದ ಹತ್ತಿತು. ಕರಿಗುಂಡೂ ಹೀಗೆಯೇ ಕಾದಿತ್ತು; ಬೂಟಿನ ತಳ ಮೆತ್ತಗಾಗುವಷ್ಟು. ಮೇಲಿನಿಂದ ಬೆಂಕಿ ಇಳಿದು ಬರುತ್ತಿತ್ತು, ಉರಿಗಿಂತ ಮುಂಚೆ ಅದರ ಸದ್ದು ಬರುತ್ತಿತ್ತು, ಎಲ್ಲೋ ದೊಡ್ಡ ಜೋಳದ ರಾಶಿ ಸುರಿಯುತ್ತಿರುವ ಹಾಗೆ. ಅವನ ಕೈಯಲ್ಲಿ ಹುಲ್ಲಿನ ಸಿವುಡು, ತುದಿಯಲ್ಲಿ ಕೆಂಡ ಹಿಡಿದು ಹೊಗೆಯಾಡುತ್ತಿತ್ತು. ಅಯ್ಯಣ್ಣಾ ಎಂದು ಕೂಗಿದ. ಕಾದ. ಅಯ್ಯಣ್ಣಾ ಎಂದು ಮತ್ತೆ ಕೂಗಿದ. ಆ ಬಂಡೆಗಳ ಸಂದಿಯಲ್ಲಿ ಅವನಿದ್ದಾನೋ ಇಲ್ಲವೋ ಎಂಬುದು ಖಾತ್ರಿ ಇರಲಿಲ್ಲ, ಬೆಳಿಗ್ಗೆ ಅತ್ತ ಹೋದದ್ದನ್ನು ನೋಡಿದ್ದ ಅಷ್ಟೇ. ಮೂರನೆಯದಕ್ಕೆ ಎದೆ ತುಂಬ ಉಸಿರು ಎಳೆದುಕೊಂಡ. ಆಗ ಗಾಳಿ ತಿರುಗಿತು. ಬೆನ್ನಿಗೆ ಬೀಸುತ್ತಿದ್ದದ್ದು ಒಮ್ಮೆಲೇ ಮುಖಕ್ಕೆ ಬೀಸಿತು, ಉರಿಯ ಒಂದು ಚೂರು ಹಾರಿ ದೊಡ್ಡಿಯ ಕಡೆಯ ಕಾರಿಕಂಟಿಯ ಪೊದೆಗೆ ಬಿತ್ತು, ಕೆಳಗೆ ಯಾವುದೋ ಹೆಂಗಸು ಕಿರಿಚಿದಳು. ಅವನು ಎದೆಯಲ್ಲಿ ಹಿಡಿದಿದ್ದ ಉಸಿರಿನಿಂದ ಕೂಗಲಿಲ್ಲ. ಬಾಗಿ ಸಿವುಡಿಗೆ ಊದಿದ. ಕೆಂಡ ಉರಿಯಾಯಿತು. ಅಯ್ಯಣ್ಣನ ಹೆಸರಿಗೆಂದು ಎಳೆದುಕೊಂಡ ಉಸಿರಿನಿಂದಲೇ ಬೆಂಕಿ ಹೊತ್ತಿತು.

ಇದನ್ನು ಅವನು ಯಾರಿಗೂ ಹೇಳಿಲ್ಲ, ಮದೀನಾಬೀಗೂ. ಹೇಳಲು ಹೋದರೆ ಎರಡು ಮಾತು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಹಚ್ಚಿದ್ದು ತಪ್ಪು ಎಂದು ಅವನಿಗೆ ಒಂದು ದಿನವೂ ಅನಿಸಿಲ್ಲ. ಹಚ್ಚದಿದ್ದರೆ ದೊಡ್ಡಿ ಇರುತ್ತಿರಲಿಲ್ಲ. ನಾಳೆ ಬೆಂಕಿ ಬಿದ್ದರೆ ನಾಳೆಯೂ ಹಚ್ಚುತ್ತಾನೆ. ಆದರೆ ಒಂದು ಕೂಗಿನಷ್ಟು ಹೊತ್ತು ಇತ್ತೇ, ಇರಲಿಲ್ಲವೇ? ರಾತ್ರಿ ಮಲಗಿದಾಗ ಇತ್ತು ಅನಿಸುತ್ತದೆ, ಬೆಳಿಗ್ಗೆ ಎದ್ದಾಗ ಇರಲಿಲ್ಲ ಅನಿಸುತ್ತದೆ. ಎರಡರಲ್ಲಿ ಯಾವುದು ನಿಜವೆಂದು ತಿಳಿಯಲು ಆ ಗಾಳಿ ಇನ್ನೊಮ್ಮೆ ಹಾಗೆಯೇ ತಿರುಗಬೇಕು.

ಕೋರ್ಟಿನ ಬಾಗಿಲಿಗೆ ಜವಾನ ಬಂದು ನಿಂತ. “ಸರದಾರಸಾಬ ಹುಸೇನಸಾಬ!”

ಅವನು ಏಳಲಿಲ್ಲ. ಮೈ ತಾನಾಗಿಯೇ ಏಳಲಿಲ್ಲ.

“ಸರದಾರಸಾಬ ಹುಸೇನಸಾಬ!”

ಇದು ಕೋರ್ಟು, ಗುಡ್ಡವಲ್ಲ, ಎಂದು ತನಗೆ ತಾನೇ ಹೇಳಿಕೊಂಡು ಬೆಂಚಿಗೆ ಕೈಯೂರಿ ಅರ್ಧ ಎದ್ದ. ಆ ತುದಿಯಿಂದ ಅಯ್ಯಣ್ಣ, ಎತ್ತಲೋ ನೋಡುತ್ತ, ಸಣ್ಣ ದನಿಯಲ್ಲಿ ಅಂದ:

“ತಡಿ. ಇನ್ನೊಂದ ಆಗಲಿ.”

ಅಂದದ್ದು ಆ ಬಾಯಿ, ಹೇಳಿಕೊಟ್ಟದ್ದು ಅವನ ತಾಯಿ. ಅಂದ ಮೇಲೆ ಅಯ್ಯಣ್ಣನಿಗೆ ತಾನು ಅಂದದ್ದು ಕೇಳಿಸಿತು. ಅವನ ಮುಖ ಕಪ್ಪಿಟ್ಟಿತು. ಕೋಲಿನ ಹಿಡಿಯನ್ನು ಒರೆಸತೊಡಗಿದ, ಒರೆಸಲು ಅಲ್ಲಿ ಏನೂ ಇರಲಿಲ್ಲ. ಎರಡು ಬೇಸಿಗೆ ಕಳೆದ ಮೇಲೆ ಅವನು ಸರದಾರಸಾಬನೊಂದಿಗೆ ಆಡಿದ ಮೊದಲ ಮಾತು ಇದು. ನಡುವೆ ಖಾಲಿ ಬೆಂಚು. ಜವಾನ ಮೂರನೆಯ ಸಲ ಕೂಗಿದ, ಈ ಸಲ ಬೇಸರದಿಂದ, ಮತ್ತು ಸರದಾರಸಾಬ “ಓ” ಎಂದು ಗುಡ್ಡಕ್ಕೆ ಕೇಳುವ ಹಾಗೆ ಕೂಗಿ ಎದ್ದ. ಅಂಗಳದ ಮಂದಿಯೆಲ್ಲ ತಿರುಗಿ ನೋಡಿದರು.

ಒಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಜಡ್ಜ್ ಅಮ್ಮನವರು ವಯಸ್ಸಿನಲ್ಲಿ ಅವನ ಮಗಳಷ್ಟಿದ್ದರು. ದಕ್ಷಿಣದ ಜಿಲ್ಲೆಯವರು, ಒಂದೊಂದು ಅಕ್ಷರವನ್ನೂ ಬಿಡಿಸಿ ಮಾತಾಡುವವರು. ಅಯ್ಯಣ್ಣ, ಚಂದಮ್ಮ ಹಿಂದಿನ ಸಾಲಿಗೆ ಬಂದು ಕೂತರು.

“ಬೆಂಕಿ ಹಚ್ಚುವ ಮುಂಚೆ ನೀವು ಕೂಗಿ ಎಚ್ಚರಿಸಿದಿರಿ ಅಂತ ಇಬ್ಬರು ಸಾಕ್ಷಿಗಳು ಹೇಳಿದ್ದಾರೆ. ಏನು ಹೇಳ್ತೀರಿ?”

ಲಕ್ಷ್ಮಿಕಾಂತ ಆಗಲೇ ಕಾಗದ ಜೋಡಿಸಿಕೊಳ್ಳುತ್ತಿದ್ದರು.

“ಕೂಗೀನ್ರಿ,” ಎಂದ ಸರದಾರಸಾಬ. ಒಂದು ಮಾತು ಮುಗಿಯಿತು. ಇಲ್ಲಿಂದ ಮನೆಗೆ ದಾರಿ ಇತ್ತು. “ಎರಡ ಸಲ ಕೂಗೀನ್ರಿ. ಮೂರನೇದು ಕೂಗಿಲ್ರಿ.”

“ಎರಡು ಸಲ. ಸರಿ. ಸಾಕಲ್ಲ?”

“ಸಾಕಾಗಂಗಿಲ್ರಿ. ನಮ್ಮ ಕಡಿ ಗುಡ್ಡದಾಗ ಎರಡ ಕೂಗಿಗಿ ಯಾರೂ ಓ ಅನ್ನಂಗಿಲ್ರಿ, ಏಳಂಗಿಲ್ರಿ. ಎರಡ ಸಲ ಗಾಳೀನೂ ಕರೀತದ್ರಿ. ಮೂರ ಸಲ ಕರದ್ರ ಅವ ಮನಷ್ಯಾ.”

“ಗಾಳಿ ಅಂದ್ರೆ?”

ಟೈಪು ಮಾಡುತ್ತಿದ್ದವನು ತಲೆ ತಗ್ಗಿಸಿ, “ದೆವ್ವ, ಮೇಡಂ,” ಎಂದ.

ಮೊದಲು ನಕ್ಕದ್ದು ಯಾವುದೋ ಎಳೆಯ ವಕೀಲ. ಆಮೇಲೆ ಇಡೀ ಕೋಣೆ ನಕ್ಕಿತು. ಪೊಲೀಸನೂ ನಕ್ಕ. ತಮ್ಮ ಸರದಿಗೆ ಕಾಯುತ್ತಿದ್ದ ಹಳ್ಳಿಯವರೂ, ಮನೆಯಲ್ಲಿ ಮಕ್ಕಳಿಗೆ ಇದನ್ನೇ ಕಲಿಸುವವರೂ, ಕೋಟಿನವರು ನಗುತ್ತಿರುವುದನ್ನು ನೋಡಿ ನಕ್ಕರು. ಆ ನಗು ಸರದಾರಸಾಬನ ಬೆನ್ನಿಗೆ ಬಡಿದು ಹಿಂದಿನ ಸಾಲಿಗೆ ಹೋಗುತ್ತಿತ್ತು, ಅಲ್ಲಿ ಯಾರಿಗೆ ತಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ. ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡ. ಲಕ್ಷ್ಮಿಕಾಂತ ಎದ್ದು, ಮೇಡಂ, ಆರೋಪಿ ಓದಿದವರಲ್ಲ, ವಯಸ್ಸಾಗಿದೆ, ಗಾಬರಿಯಾಗಿದ್ದಾರೆ, ಎಂದರು.

“ಗಾಬರಿ ಇಲ್ರಿ ನನಗ,” ಎಂದ ಅವನು. “ನನಗಿದು ಗೊತ್ತಿತ್ರಿ. ಹೊರಗಿನವ ಇದ್ರ ಗೊತ್ತಿಲ್ಲ ಅನಬಹುದಿತ್ತು. ನಾ ಅಲ್ಲೇ ಹುಟ್ಟಿದವ. ಗೊತ್ತಿದ್ದೂ ಮೂರನೇದು ಕೂಗಲಿಲ್ಲ.”

“ಯಾಕೆ?”

“ಗಾಳಿ ತಿರುಗಿತ್ರಿ. ಈ ಸಲ ಖರೇ ಗಾಳಿ, ಬೀಸೂ ಗಾಳಿ. ದೊಡ್ಡಿಗಿ ಕಿಡಿ ಬಿತ್ತು. ಹಚ್ಚಿದೆ.”

“ಹಾಗಾದರೆ ಹಚ್ಚಿದ್ದು ತಪ್ಪು ಅಂತ ಒಪ್ಪಿಕೊಳ್ತಿದ್ದೀರಾ?”

“ಇಲ್ರಿ. ಹಚ್ಚಿದ್ದು ತಪ್ಪಲ್ರಿ. ನಾಳೆ ಬಿದ್ರೂ ಹಚ್ಚತೀನಿ. ಕೂಗದ ಹಚ್ಚಿದ್ದು ತಪ್ಪು. ಅವೆರಡೂ ಬ್ಯಾರೆ ಬ್ಯಾರೆ ಅದಾವ್ರಿ.”

ಜಡ್ಜ್ ಅಮ್ಮನವರು ಪೆನ್ನನ್ನು ಕೆಳಗಿಟ್ಟರು. ನಗು ನಿಂತಿತ್ತು. ಹಿಂದೆ ಕೋಲು ನೆಲಕ್ಕೆ ತಾಗಿದ 'ಟಕ್' ಸದ್ದಾಯಿತು, ಇನ್ನೊಮ್ಮೆ ಆಯಿತು, ಮಡಚದ ಕಾಲಿನವನು ಎದ್ದು ನಿಲ್ಲಲು ಹಿಡಿಯುವಷ್ಟು ಹೊತ್ತು ಹಿಡಿಯಿತು.

“ಮೇಡಂ, ಕೇಳಿತ್ರಿ ನನಗ,” ಎಂದ ಅಯ್ಯಣ್ಣ. “ಎರಡೂ ಕೇಳಿದ್ವು. ಇವನ ದನಿ ಅಂತನೂ ಗೊತ್ತಾತು. ಮೂರನೇದಕ್ಕ ಕುಂತಿದ್ದೆ.”

“ನೀವು ಸಾಕ್ಷಿ ಹೇಳುವಾಗ ಏನೂ ಕೇಳಿಲ್ಲ ಅಂದಿದ್ದಿರಿ. ಅದು ಸುಳ್ಳಾ?”

“ಸುಳ್ರಿ.”

“ಯಾಕೆ ಸುಳ್ಳು ಹೇಳಿದಿರಿ?”

“ನಗತಾರ ಅಂತ ಅಂಜಿ ಹೇಳಿದ್ದೆರಿ. ಈಗ ನಕ್ಕಾತಲ್ಲ.”

ಜಡ್ಜ್ ಅಮ್ಮನವರು ಅವನನ್ನು ಕೂಡಲು ಹೇಳಿದರು. ಅವನನ್ನು ಮತ್ತೊಂದು ದಿನ ಸಾಕ್ಷಿಗೆ ಕರೆಯಬೇಕಾಗುತ್ತದೆ ಎಂದರು. ಆಮೇಲೆ ಟೈಪಿನವನಿಗೆ ಏನೇನೋ ಹೇಳಿ ಬರೆಸಿದರು. ಯಂತ್ರದಿಂದ ಹಾಳೆ ಹೊರಗೆ ಬಂತು. ಟೈಪಿನವನು ಗಡಿಬಿಡಿಯಲ್ಲಿ ಓದಿದ: “ಬೆಂಕಿ ಹಚ್ಚುವ ಮುನ್ನ ಹಲವು ಬಾರಿ ಕೂಗಿ ಎಚ್ಚರಿಸಿದ್ದೇನೆ. ಆದರೂ ನನ್ನಿಂದ ತಪ್ಪಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ.” ಪೆನ್ನು ಮುಂದೆ ಚಾಚಿ, “ಇಲ್ಲಿ ಸಹಿ ಹಾಕ್ರಿ,” ಎಂದ.

ಸರದಾರಸಾಬ ಪೆನ್ನು ತೆಗೆದುಕೊಂಡ. ಸಹಿ ಮಾಡಲಿಲ್ಲ.

“ಹಲವು ಅಂದ್ರ ಎಷ್ಟ್ರಿ?”

“ಅಂದ್ರ ಕೂಗೀರಿ ಅಂತ. ಹಾಕ್ರಿ ಹಾಕ್ರಿ, ಊಟದ ಹೊತ್ತಾತು.”

“ಎರಡು ಅಂತ ಬರೀರಿ.”

ಅವನು ನಾಲ್ಕನೆಯ ಇಯತ್ತೆ ಓದಿದವನು. ಅಕ್ಷರ ಒಂದೊಂದಾಗಿ ಕೂಡಿಸಿಕೊಂಡು ಓದಬಲ್ಲ, ಅವಸರ ಮಾಡಿದರೆ ಆಗದು. ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಮೊದಲಿನಿಂದ ಓದತೊಡಗಿದ. ಲಕ್ಷ್ಮಿಕಾಂತ ಹತ್ತಿರ ಬಂದು ಕಿವಿಯಲ್ಲಿ, ಹುಚ್ಚ ಹಿಡದದ ಏನು, ಇದರಾಗ ನಿಮ್ಮ ಬಚಾವ್ ಅದ, ಹಲವು ಅಂದ್ರ ನಿಮಗ ಛಲೋ, ಎಂದರು. ಅವರ ಕೋಟಿನಿಂದ ಅತ್ತರಿನ ವಾಸನೆ ಬರುತ್ತಿತ್ತು. ಹೊರಗೆ ಯಾರದೋ ಮೋಟರ್ ಸೈಕಲ್ ಹೊರಟಿತು. ಕೋಣೆಯಲ್ಲಿ ಅಷ್ಟೂ ಜನ ಅವನ ಬೆರಳು ಸಾಲಿನಿಂದ ಸಾಲಿಗೆ ಹೋಗುವುದನ್ನು ನೋಡುತ್ತ ಕೂತರು. ಇಷ್ಟು ಮಂದಿಯನ್ನು ಇಷ್ಟು ಹೊತ್ತು ಕಾಯಿಸುವುದು ಅವನ ಜನ್ಮದಲ್ಲಿ ಇದೇ ಮೊದಲು. ಕುತ್ತಿಗೆಗೆ ಬೆವರು ಇಳಿಯಿತು. ಮುಂದೆ ಓದಿದ.

“ಇಲ್ಲಿ ‘ತಪ್ಪಾಗಿದೆ’ ಅಂತ ಅದರಿ. ಯಾವದು ತಪ್ಪು ಅಂತ ಇಲ್ಲ. ಓದಿದವರು ಹಚ್ಚಿದ್ದ ತಪ್ಪು ಅಂತ ತಿಳೀತಾರ. ನಾಳೆ ಇನ್ನೊಬ್ಬ ವಾಚರ್ ಗುಡ್ಡದಾಗ ಬೆಂಕಿ ಮುಂದ ನಿಂತು ಇದನ್ನ ನೆನಸಿ ಕೈ ಕಟಗೊಂಡು ನಿಲ್ಲತಾನ. ದೊಡ್ಡಿ ಸುಡತದ. ಎರಡು ಮಾತು ಬ್ಯಾರೆ ಬ್ಯಾರೆ ಬರೀರಿ. ಹಚ್ಚಿದ್ದು ತಪ್ಪಲ್ಲ, ಒಂದು. ಮೂರನೇ ಕೂಗು ಕೂಗದ ಹಚ್ಚಿದ್ದು ತಪ್ಪು, ಇನ್ನೊಂದು. ನಡುವ ಚುಕ್ಕಿ ಇಡ್ರಿ.”

ಟೈಪಿನವನು ಜಡ್ಜ್ ಅಮ್ಮನವರ ಮುಖ ನೋಡಿದ. ಅವರು ಕೆಳಗಿಟ್ಟ ಪೆನ್ನನ್ನು ಮತ್ತೆ ಕೈಗೆ ತೆಗೆದುಕೊಂಡರು.

“ಇದರಿಂದ ನಿಮಗೆ ಶಿಕ್ಷೆ ಆಗಬಹುದು. ಅರ್ಥ ಆಗ್ತಿದೆಯಾ?”

“ಆಗ್ಯಾದ್ರಿ.”

“ಅವರು ಹೇಳಿದ ಹಾಗೆ ಬರೀರಿ,” ಎಂದರು ಅವರು.

ಹೊಸ ಹಾಳೆ ಬಂತು. ಅವನು ಅದನ್ನೂ ಬೆರಳಿಟ್ಟು ಓದಿದ. ಎರಡು ಮಾತು ಎರಡು ಸಾಲಿನಲ್ಲಿದ್ದವು. ಚುಕ್ಕಿ ಇತ್ತು. ಸಹಿ ಮಾಡಿದ, ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಒತ್ತಿ ಬರೆದದ್ದಕ್ಕೆ ಕೆಳಗಿನ ಹಾಳೆಯ ಮೇಲೂ ಅಚ್ಚು ಮೂಡಿತು.

ಲಕ್ಷ್ಮಿಕಾಂತ ಅವನ ಕಡೆ ನೋಡದೆ ಹೊರಟುಹೋದರು. ಮೆಟ್ಟಿಲ ಹತ್ತಿರ ಚಂದಮ್ಮ ಅಡ್ಡ ನಿಂತಿದ್ದಳು. ಅವಳ ಹಿಂದೆ ಅಯ್ಯಣ್ಣ ಕೋಲೂರಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಯಾರೂ ಕೈ ಕೊಡಬಾರದು ಎನ್ನುವ ಹಾಗೆ ಇಳಿಯುತ್ತಿದ್ದ. ಅವಳ ಕಣ್ಣು ಒದ್ದೆಯಾಗಿರಲಿಲ್ಲ.

“ಛಲೋ ಹೇಳಿದಿ ಅಂತ ನಾ ಕೇಸ್ ಬಿಡತೀನಿ ಅನಕೋಬ್ಯಾಡ,” ಎಂದಳು. “ಬಿಡಂಗಿಲ್ಲ ನಾ.”

“ಬಿಡಬ್ಯಾಡವ್ವಾ,” ಎಂದ ಸರದಾರಸಾಬ. “ಬಿಟ್ರ ನಾ ಬರೆಸಿದ್ದು ಯಾರು ಓದ್ಯಾರು?”